ಬೆಂಗಳೂರು–ಸ್ಯಾನ್‌ಫ್ರಾನ್ಸಿಸ್ಕೊ: ದೂರ ಒಂದೇ, ಬರುವಾಗ ಯಾಕೆ ಜಾಸ್ತಿ ಹೊತ್ತು?

ಬಸವನಗುಡಿ_ಬೀದಿ · 2024 ನವೆಂಬರ್ 9

ಎಲ್ಲರಿಗೂ ನಮಸ್ಕಾರ. ಅಮ್ಮ ಈ ತಿಂಗಳ ಕೊನೆಗೆ ತಂಗಿ ಮನೆಗೆ ಹೊರಟಿದ್ದಾರೆ. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಏರ್ ಇಂಡಿಯಾದ ನೇರ ವಿಮಾನ. ವಯಸ್ಸು 68. ಇದುವರೆಗೆ ವಿಮಾನ ಹತ್ತಿದ್ದು ಒಂದೇ ಸಲ, ಕಾಶಿಗೆ ಹೋಗುವಾಗ.

ಟಿಕೆಟ್ ನೋಡಿ ಅವರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. "ಹೋಗೋಕೆ 16 ಗಂಟೆಗೆ ಹತ್ತಿರ, ಬರೋಕೆ 17ಕ್ಕೂ ಜಾಸ್ತಿ. ಅದೇ ಊರು, ಅದೇ ವಿಮಾನ. ಬರುವಾಗ ಏನು ಸುತ್ತು ಹೊಡೆಸ್ತಾರಾ?" ದೂರ ಹುಡುಕಿದೆ, ಸುಮಾರು 14,000 ಕಿಲೋಮೀಟರ್. ಗಂಟೆಗೆ 900ರ ವೇಗ ಅಂತ ಭಾಗಿಸಿದರೆ ಹದಿನೈದೂವರೆ ಗಂಟೆ. ಟಿಕೆಟ್ಟಿನ ಎರಡು ಲೆಕ್ಕದಲ್ಲಿ ಯಾವುದಕ್ಕೂ ತಾಳೆ ಆಗಲಿಲ್ಲ.

ಇನ್ನೊಂದು ತಮಾಷೆ. ಮಧ್ಯಾಹ್ನ 2:20ಕ್ಕೆ ಹೊರಟು ಅದೇ ತಾರೀಖು ಸಂಜೆ 4:50ಕ್ಕೆ ಇಳಿಯುತ್ತದೆ ಅಂತ ಬರೆದಿದೆ. "ಎರಡೂವರೆ ಗಂಟೆನಾ? ಮೈಸೂರಿಗೆ ಹೋದ ಹಾಗಾಯ್ತು" ಅಂತ ಅಮ್ಮ ಪಕ್ಕದ ಮನೆಯವರಿಗೂ ಹೇಳಿಬಿಟ್ಟಿದ್ದಾರೆ.

ಫ್ರೀಮಾಂಟ್_ಕನ್ನಡಿಗ · ನವೆಂಬರ್ 9

ಗಡಿಯಾರದ ವಿಷಯ ಸುಲಭ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮ್ಮ ಊರಿಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೇಸಿಗೆಯಲ್ಲಿ ಹನ್ನೆರಡೂವರೆ. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದೆವು, ಅಲ್ಲಿಂದ ಮಾರ್ಚ್‌ವರೆಗೆ ಇದೇ ಲೆಕ್ಕ. ಎರಡೂವರೆಗೆ ಹದಿಮೂರೂವರೆ ಕೂಡಿಸಿ, 16 ಗಂಟೆ ಬಂತು.

ಸುತ್ತು ಹೊಡೆಸುತ್ತಾರಾ ಅನ್ನುವ ಪ್ರಶ್ನೆಗೆ ಉತ್ತರ, ಹೌದು. ಅಮ್ಮ ಸರಿಯಾಗೇ ಹಿಡಿದಿದ್ದಾರೆ. ಬಿಡಿಸಿ ಹೇಳುವುದಕ್ಕೆ ಇಲ್ಲಿ ನನಗಿಂತ ತಿಳಿದವರು ಇದ್ದಾರೆ.

ದಾರದ_ಮೇಷ್ಟ್ರು · ನವೆಂಬರ್ 9

ನಾನು ಸಾಗರದ ಕಡೆ ಸಮಾಜ ಪಾಠ ಮಾಡುತ್ತಿದ್ದ ನಿವೃತ್ತ ಮೇಷ್ಟ್ರು. ಗೋಡೆಗೆ ತೂಗುಹಾಕುವ ನಕ್ಷೆ ಮಕ್ಕಳಿಗೆ ಮಾಡುವ ಮೋಸ ಅಷ್ಟಿಷ್ಟಲ್ಲ. ಅದರಲ್ಲಿ ಅಮೆರಿಕ ಎಡಗಡೆ, ಭಾರತ ಬಲಗಡೆ. ಹಾಗಾಗಿ ಎಲ್ಲರ ತಲೆಯಲ್ಲೂ ಅಮೆರಿಕ ಅಂದರೆ ಪಶ್ಚಿಮ ಅಂತ ಕೂತಿದೆ. ಯೂರೋಪ್ ದಾಟಿ ಹೋಗಬೇಕು ಅಂತ.

ಮನೆಯಲ್ಲಿ ಗ್ಲೋಬ್ ಇದೆಯಾ? ಇಲ್ಲದಿದ್ದರೆ ಪಕ್ಕದ ಮನೆ ಮಗುವಿನದು ತನ್ನಿ. ಹೂ ಕಟ್ಟುವ ದಾರ ಒಂದು ಮೊಳ ತಗೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ ಹೆಬ್ಬೆರಳಲ್ಲಿ ಒತ್ತಿ, ಇನ್ನೊಂದು ತುದಿ ಸ್ಯಾನ್‌ಫ್ರಾನ್ಸಿಸ್ಕೊ ಮೇಲೆ. ಈಗ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಜಾರಿ ಜಾರಿ ಮೇಲಕ್ಕೆ ಹೋಗಿ ನಿಲ್ಲುತ್ತದೆ. ಎಲ್ಲಿ ನಿಂತಿತು ನೋಡಿ. ಉತ್ತರ ಪ್ರದೇಶ, ನೇಪಾಳ, ಟಿಬೆಟ್, ಸೈಬೀರಿಯಾ, ಅಲ್ಲಿಂದ ಆರ್ಕ್ಟಿಕ್ ಸಾಗರದ ಅಂಚು ಸವರಿ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಅತಿ ಮೇಲೆ ಹೋದ ಜಾಗದಲ್ಲಿ 71 ಡಿಗ್ರಿ ಉತ್ತರ ಅಕ್ಷಾಂಶ.

ಸ್ಯಾನ್‌ಫ್ರಾನ್ಸಿಸ್ಕೊ ನಮಗೆ ಪೂರ್ವವೂ ಅಲ್ಲ, ಪಶ್ಚಿಮವೂ ಅಲ್ಲ. ಹೆಚ್ಚು ಕಮ್ಮಿ ಉತ್ತರ! ದೇವನಹಳ್ಳಿಯಲ್ಲಿ ನಿಂತು ಆ ಊರಿನ ಕಡೆ ಮುಖ ಮಾಡಬೇಕೆಂದರೆ ಉತ್ತರಕ್ಕೆ ತಿರುಗಿ, ಬಲಕ್ಕೆ ಒಂದು ಚೂರು ಹೊರಳಬೇಕು. 20 ಡಿಗ್ರಿ, ಅಷ್ಟೇ.

ನನ್ನ ಶಾಲೆಯ ಗ್ಲೋಬ್ ಒಂದು ಸಲ ಮೇಜಿನಿಂದ ಬಿದ್ದು ಪೆಸಿಫಿಕ್ ಸಾಗರದಲ್ಲಿ ತಗ್ಗಾಗಿತ್ತು. ದಾರ ಅಲ್ಲಿ ಸಡಿಲ ಬೀಳುತ್ತಿತ್ತು. "ಸಾರ್, ಅಲ್ಲಿ ಗುಂಡಿ ಇದೆ, ವಿಮಾನ ಕುಲುಕುತ್ತೆ" ಅಂತ ಒಬ್ಬ ಹುಡುಗ ಹೇಳಿದ್ದು ಇನ್ನೂ ನೆನಪಿದೆ.

ಬಸವನಗುಡಿ_ಬೀದಿ · ನವೆಂಬರ್ 10

ಮೇಷ್ಟ್ರೇ, ದಾರ ಎಳೆದೆವು. ಗ್ಲೋಬ್ ವ್ಯಾಸ 30 ಸೆಂಟಿಮೀಟರ್. ದಾರ ಅಳೆದರೆ 33 ಬಂತು. ಲೆಕ್ಕ ಹಾಕಿದರೆ ಸರಿಯಾಗಿ 14,000 ಕಿಲೋಮೀಟರ್. ಅಮ್ಮನಿಗೆ ಪರಮಾನಂದ. "ನಮ್ಮ ದಾರೀಲೇ ಹಿಮಾಲಯ ಕಾಣುತ್ತೆ ಅಂತಾಯ್ತು, ಮಾನಸ ಸರೋವರ ಸಿಗುತ್ತಾ?" ಅಂತಿದ್ದಾರೆ.

ಕಂಟ್ರೋಲ್_ರೂಮ್ · ನವೆಂಬರ್ 10

ಸಿಗುವುದಿಲ್ಲ ಅಂತ ಹೇಳಿ ನಿರಾಸೆ ಮಾಡುವ ಕೆಲಸ ನನ್ನದು. ಸುಮಾರು 20 ವರ್ಷ ವಿಮಾನಗಳಿಗೆ ದಾರಿ ಹಾಕಿಕೊಡುವ ಕೆಲಸ ಮಾಡಿದ್ದೇನೆ. ಡಿಸ್ಪ್ಯಾಚರ್ ಅನ್ನುತ್ತಾರೆ. ಯಾವ ದಾರಿ, ಎಷ್ಟು ಇಂಧನ, ತೊಂದರೆ ಬಂದರೆ ಎಲ್ಲಿ ಇಳಿಯಬೇಕು, ಇದೆಲ್ಲ ಹೊರಡುವ ಕೆಲವು ಗಂಟೆ ಮುಂಚೆ ಕೂತು ಮಾಡುವ ಲೆಕ್ಕ.

ಮೇಷ್ಟ್ರ ದಾರ ನೂರಕ್ಕೆ ನೂರು ಸರಿ. ಆದರೆ ವಿಮಾನ ದಾರದ ಮೇಲೆ ಹಾರುವುದಿಲ್ಲ. ಮೊದಲ ಅಡ್ಡಿ ಟಿಬೆಟ್. ಒಳಗಿನ ಗಾಳಿಯ ಒತ್ತಡ ಇಳಿದುಹೋದರೆ ವಿಮಾನವನ್ನು ಬೇಗ 10,000 ಅಡಿಗೆ ಇಳಿಸಬೇಕು. ಆ ಎತ್ತರದಲ್ಲಿ ಮಾಮೂಲಿ ಉಸಿರಾಡಬಹುದು. ತಲೆ ಮೇಲಿಂದ ಬೀಳುವ ಹಳದಿ ಮುಖವಾಡದ ಆಮ್ಲಜನಕ ಸಾಮಾನ್ಯವಾಗಿ 15 ನಿಮಿಷದ ಆಸುಪಾಸು ಬರುತ್ತದೆ, ಇಳಿಯುವುದಕ್ಕೆ ಅಷ್ಟು ಸಾಕು ಅಂತ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರ್, ಅಂದರೆ ಸುಮಾರು 15,000 ಅಡಿ. ಇಳಿಯುವುದು ಎಲ್ಲಿಗೆ? ಹಾಗಾಗಿ ಹೆಚ್ಚಿನವರು ಅದನ್ನು ಬಳಸಿಕೊಂಡು ಹೋಗುತ್ತಾರೆ.

ಎರಡನೆಯದು ಗಾಳಿ. ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ.

10–12 ಕಿಲೋಮೀಟರ್ ಎತ್ತರದಲ್ಲಿ, ನಡು ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆ ಹರಿಯುತ್ತಿರುತ್ತದೆ. ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಜಪಾನ್ ಮೇಲೆ ಗಂಟೆಗೆ 200, 300 ಕಿಲೋಮೀಟರ್ ವೇಗ ಮಾಮೂಲು. ಹೋಗುವಾಗ ಸಾಮಾನ್ಯವಾಗಿ ಬಂಗಾಳ ಕೊಲ್ಲಿ, ಮ್ಯಾನ್ಮಾರ್, ದಕ್ಷಿಣ ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್ ಹಿಡಿಯುತ್ತಾರೆ. ದೂರ ದಾರಕ್ಕಿಂತ ಜಾಸ್ತಿ, ಆದರೆ ಹೊಳೆ ಹರಿಯುವ ಕಡೆಗೇ ದೋಣಿ. ಬರುವಾಗ ಅದೇ ದಾರಿ ಹಿಡಿದರೆ ಹೊಳೆಗೆ ಎದುರು ಹುಟ್ಟು ಹಾಕಬೇಕು. ಅದಕ್ಕೆ ಉತ್ತರಕ್ಕೆ ಸರಿದು, ಕೆಲವು ದಿನ ಧ್ರುವದ ಹತ್ತಿರದಿಂದಲೇ, ಗಾಳಿ ಕಡಿಮೆ ಇರುವ ಕಡೆ ತಪ್ಪಿಸಿಕೊಂಡು ಬರುತ್ತಾರೆ.

ಸುಮ್ನೆ ಒಂದು ಲೆಕ್ಕ ನೋಡಿ. ಹಾರುವ ದಾರಿ 14,500 ಅಂದುಕೊಳ್ಳಿ. ಸರಾಸರಿ 100ರ ವೇಗದ ಗಾಳಿ ಬೆನ್ನಿಗಿದ್ದರೆ ನೆಲದ ಲೆಕ್ಕದಲ್ಲಿ ವೇಗ 1,000, ಹದಿನಾಲ್ಕೂವರೆ ಗಂಟೆ. ಅದೇ ಗಾಳಿ ಎದುರಿಗಿದ್ದರೆ 800, ಹದಿನೆಂಟು ಗಂಟೆ ದಾಟುತ್ತದೆ. ಪೈಲಟ್ ಎರಡೂ ಸಲ ಒಂದೇ ವೇಗದಲ್ಲಿ ಓಡಿಸಿರುತ್ತಾನೆ.

ಟಿಕೆಟ್ಟಿನಲ್ಲಿ ಬರೆದಿರುವುದು ಬರೀ ಹಾರುವ ಸಮಯವೂ ಅಲ್ಲ. ಇಲ್ಲಿ ಗೇಟು ಬಿಟ್ಟಾಗಿನಿಂದ ಅಲ್ಲಿ ಗೇಟಿಗೆ ನಿಲ್ಲುವವರೆಗೆ. ರನ್‌ವೇ ತನಕ ತೆವಳುವುದು, ಸರದಿಯಲ್ಲಿ ಕಾಯುವುದು ಎಲ್ಲ ಸೇರಿ. ಅದರ ಮೇಲೆ ತಡವಾಗದಿರಲಿ ಅಂತ ಒಂಚೂರು ಉಪ್ಪು ಖಾರ.

ಗಿರ್ಮಿಟ್_ಹುಬ್ಬಳ್ಳಿ · ನವೆಂಬರ್ 10

ನನ್ನದೊಂದು ಸಣ್ಣ ಡೌಟು, ನಗಬ್ಯಾಡ್ರಿ. ಭೂಮಿ ಪಶ್ಚಿಮದಿಂದ ಪೂರ್ವಕ್ಕ ತಿರುಗತದ. ಮ್ಯಾಲೆ ಹೋಗಿ ಸುಮ್ನ ನಿಂತ್ರ ಅಮೆರಿಕ ತಾನ ಕೆಳಗ ಬರಬೇಕಲ್ಲ? ಎಣ್ಣಿ ಖರ್ಚು ಉಳೀತದ.

ಕಂಟ್ರೋಲ್_ರೂಮ್ · ನವೆಂಬರ್ 10

ಓಡುವ ಬಸ್ಸಿನಲ್ಲಿ ನೊಣ ಹಾರಾಡುತ್ತಿರುತ್ತದೆ ಅಲ್ವಾ? ಅದು ಹಿಂದಿನ ಗಾಜಿಗೆ ಬಡಿದುಕೊಳ್ಳುವುದಿಲ್ಲ. ಬಸ್ಸಿನ ಜೊತೆ ಒಳಗಿನ ಗಾಳಿಯೂ ಬರುತ್ತಿದೆ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ವಿಮಾನ ಆ ಗಾಳಿಯೊಳಗಿನ ನೊಣ. ಆದರೆ ಭೂಮಿ ತಿರುಗದೆ ಇದ್ದಿದ್ದರೆ ಜೆಟ್ ಸ್ಟ್ರೀಮ್ ಈ ರೀತಿ ಪೂರ್ವಕ್ಕೆ ತಿರುಗಿ ಹರಿಯುತ್ತಲೂ ಇರಲಿಲ್ಲ. ಹಾಗಾಗಿ ನಿಮ್ಮ ಡೌಟಿನಲ್ಲಿ ಸುತ್ತಿ ಬಳಸಿ ಒಂದು ಪಾಲು ನಿಜ ಇದೆ.

ಸುಮ್ನೆ_ಓದೋನು · ನವೆಂಬರ್ 10

ಗಾಳಿ ಇಷ್ಟೊಂದು ವ್ಯತ್ಯಾಸ ಮಾಡುತ್ತದಾ ಅನ್ನುವವರಿಗೆ ಒಂದು ಉದಾಹರಣೆ. 2020ರ ಫೆಬ್ರವರಿಯಲ್ಲಿ ಸಿಯಾರಾ ಅನ್ನುವ ಬಿರುಗಾಳಿ ಬಂದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ಜಂಬೊ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂತು. ಮಾಮೂಲಿಗಿಂತ ಒಂದು ಗಂಟೆಗೂ ಹೆಚ್ಚು ಮುಂಚೆ. ನೆಲದ ಲೆಕ್ಕದಲ್ಲಿ ಒಂದು ಹಂತದಲ್ಲಿ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು.

ಫ್ರೀಮಾಂಟ್_ಕನ್ನಡಿಗ · ನವೆಂಬರ್ 11

ಈ ಮಾರ್ಗದ ಮೊದಲ ವಿಮಾನ ನೆನಪಿದೆಯಾ? 2021ರ ಜನವರಿ 9, ಶನಿವಾರ ರಾತ್ರಿ ಎಂಟೂವರೆಗೆ ಇಲ್ಲಿಂದ ಹೊರಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಜೊತೆಗೆ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು. ಉತ್ತರ ಧ್ರುವದ ಮೇಲಿಂದ ಬಂದು 11ನೇ ತಾರೀಖು ಸೋಮವಾರ ಬೆಳಗಿನ ಜಾವ ಮೂರು ಗಂಟೆ ಕಳೆದ ಮೇಲೆ ದೇವನಹಳ್ಳಿಯಲ್ಲಿ ಇಳಿಯಿತು. 17 ಗಂಟೆಗೂ ಸ್ವಲ್ಪ ಮೇಲೆ.

ಆ ಲೆಕ್ಕದಲ್ಲಿ ಭಾನುವಾರ ಎಲ್ಲಿ ಹೋಯ್ತು ಹೇಳಿ? ನಾನು ಕಳೆದ ಜನವರಿಯಲ್ಲಿ ಹಾಗೇ ಬಂದೆ. ಕಿಟಕಿ ಪಕ್ಕ ಕೂತಿದ್ದೆ. ಗಂಟೆಗಟ್ಟಲೆ ಕತ್ತಲು, ಆಮೇಲೆ ಒಂದು ಅಂಚಿನಲ್ಲಿ ಕಿತ್ತಳೆ ಬಣ್ಣದ ಗೆರೆ ಬಂತು, ಸ್ವಲ್ಪ ಹೊತ್ತು ಬೆಳಕಾಯ್ತು, ಮತ್ತೆ ಕತ್ತಲು. ಅದೇ ನನ್ನ ಭಾನುವಾರ. ಅಷ್ಟಕ್ಕೆ ಮುಗೀತು.

ಅಜ್ಜಿ_ಆನ್‌ಲೈನ್ · ನವೆಂಬರ್ 11

ನಾನು ಎರಡು ಸಲ ಹೋಗಿ ಬಂದವಳು. ಗಂಟೆ ಕಿಲೋಮೀಟರ್ ಎಲ್ಲ ನೀವು ಮಾತಾಡಿಕೊಳ್ಳಿ. ಅಮ್ಮನಿಗೆ ಇಷ್ಟು ಹೇಳಿ.

ಕೈಗಡಿಯಾರ ತಿರುಗಿಸಬೇಡಿ. ವಿಮಾನದಲ್ಲಿ ಕಿಟಕಿ ನೋಡಿ ಹೊತ್ತು ತಿಳಿದುಕೊಳ್ಳೋಕೆ ಹೋದರೆ ತಲೆ ಕೆಡುತ್ತದೆ. ಹೊರಟು ಎರಡು ಗಂಟೆಗೆಲ್ಲ ಕತ್ತಲಾಯ್ತು. ಊಟ ಕೊಟ್ಟರು, ದೀಪ ಆರಿಸಿದರು. ಬಿ.ಪಿ. ಮಾತ್ರೆ ಯಾವಾಗ ತಗೊಳ್ಳಬೇಕು ಅಂತ ಒದ್ದಾಡಿದೆ. ವಿಮಾನದಲ್ಲಿ ಊರಿನ ಗಡಿಯಾರ ನೋಡಿಯೇ ತಗೊಳ್ಳಿ, ಇಳಿದ ಮೇಲೆ ಅಲ್ಲಿನ ಹೊತ್ತಿಗೆ ಹೇಗೆ ಬದಲಾಯಿಸಬೇಕು ಅಂತ ಹೊರಡುವ ಮುಂಚೆ ಡಾಕ್ಟರ ಹತ್ತಿರ ಬರೆಸಿಕೊಳ್ಳಿ ಅಂತ ಮಗಳು ಹೇಳಿದ್ದು ಎರಡನೇ ಸಲ.

ಬೂಟು ಬಿಚ್ಚಿ ಕೂತರೆ ಇಳಿಯುವಾಗ ಕಾಲು ಊದಿ ಒಳಗೆ ಹೋಗಲ್ಲ. ಮೊದಲ ಸಲ ನಾನು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ ಹಾಕಿಕೊಂಡೇ ಇಮಿಗ್ರೇಷನ್ ಸಾಲಿನಲ್ಲಿ ನಿಂತೆ. ಒಂದು ನಂಬರ್ ದೊಡ್ಡ ಚಪ್ಪಲಿ ಹಾಕಿಸಿ. ಎರಡು ಗಂಟೆಗೊಮ್ಮೆ ಎದ್ದು ಹಿಂದಿನ ಅಡುಗೆ ಜಾಗದ ತನಕ ನಡೆದು ಬರಲಿ. ನೀರು ಕುಡಿಯಲಿ, ಬಾತ್‌ರೂಮಿಗೆ ಹೆದರಿ ಕುಡಿಯದೆ ಕೂರುವುದು ಬೇಡ.

ಬಸವನಗುಡಿ_ಬೀದಿ · ನವೆಂಬರ್ 11

ಅಜ್ಜಿ, ನಿಮ್ಮ ಬೂಟಿನ ಕತೆ ಓದಿ ಹೇಳಿದೆ. ಈಗಲೇ ಗಾಂಧಿ ಬಜಾರಿಗೆ ಚಪ್ಪಲಿ ತರೋಕೆ ಹೊರಟಿದ್ದಾರೆ. ಇನ್ನೊಂದು ತೊಡಕು ಎದ್ದಿದೆ. ಹೊರಡುವ ದಿನ ಏಕಾದಶಿ. ಉಪವಾಸ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಯಾವ ಸೂರ್ಯೋದಯ?

ದಾರದ_ಮೇಷ್ಟ್ರು · ನವೆಂಬರ್ 11

ಇದು ಪರೀಕ್ಷೆಯಲ್ಲಿ ಕೇಳಬೇಕಾದ ಪ್ರಶ್ನೆ! ಕೂತು ಲೆಕ್ಕ ಹಾಕಿದೆ. ಮಧ್ಯಾಹ್ನ ಎರಡೂ ಕಾಲಿಗೆ ಹೊರಟು ಪೂರ್ವಕ್ಕೆ ಹಾರಿದರೆ ಸಂಜೆ ಎದುರಿಗೇ ಓಡಿ ಬರುತ್ತದೆ. ನಮ್ಮ ಗಡಿಯಾರದಲ್ಲಿ ನಾಲ್ಕೂವರೆ ಐದಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ರಾತ್ರಿ ಬರೀ ಎಂಟೊಂಬತ್ತು ಗಂಟೆ. ನಮ್ಮ ಗಡಿಯಾರದಲ್ಲಿ ಮಧ್ಯರಾತ್ರಿ ಒಂದೂವರೆಯ ಸುಮಾರಿಗೆ ಪೆಸಿಫಿಕ್ ಮೇಲೆ ಬೆಳಗಾಗುತ್ತದೆ. ಅಷ್ಟರೊಳಗೆ ಅಂತಾರಾಷ್ಟ್ರೀಯ ದಿನರೇಖೆಯ ಹತ್ತಿರ ಬಂದಿರುತ್ತಾರೆ, ದಾಟಿದ ಮೇಲೆ ಮತ್ತೆ ಹಿಂದಿನ ತಾರೀಖು. ಇಳಿಯುವ ಹೊತ್ತಿಗೆ ಅದೇ ತಾರೀಖಿನ ಎರಡನೇ ಸಂಜೆ.

ಹಾಗಾಗಿ ಒಂದೇ ಏಕಾದಶಿಗೆ ಎರಡು ಸೂರ್ಯಾಸ್ತ. ಕಿಟಕಿಯ ಸೂರ್ಯನನ್ನು ನಂಬಿದರೆ 19 ಗಂಟೆಗೆ ಉಪವಾಸ ಮುಗಿಯುತ್ತದೆ. ಕ್ಯಾಲಿಫೋರ್ನಿಯಾದ ಕ್ಯಾಲೆಂಡರ್ ನಂಬಿದರೆ ಅದರ ಮೇಲೆ ಇನ್ನೂ 19 ಗಂಟೆ ಕಾಯಬೇಕು. ಶಾಸ್ತ್ರ ನನಗೆ ಗೊತ್ತಿಲ್ಲ. 68ನೇ ವಯಸ್ಸಿನಲ್ಲಿ ವಿಮಾನದಲ್ಲಿ ಉಪವಾಸವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಅಜ್ಜಿ_ಆನ್‌ಲೈನ್ · ನವೆಂಬರ್ 11

ಪ್ರಯಾಣದಲ್ಲಿ ಇರುವವರಿಗೆ ವಿನಾಯಿತಿ ಉಂಟು ಅಂತ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಹಣ್ಣು ಹಾಲು ತಗೊಳ್ಳಲಿ.

ಎರಡು_ಟಿಕೆಟ್ · ನವೆಂಬರ್ 12

ನೇರ ವಿಮಾನ ತುಟ್ಟಿ ಅಂತ ನಾನು ಕಳೆದ ವರ್ಷ ಬುದ್ಧಿವಂತಿಕೆ ಮಾಡಿದೆ. ಬೇರೆ ಬೇರೆ ಕಡೆ ಎರಡು ಟಿಕೆಟ್ ತೆಗೆದೆ, ನಡುವೆ ಒಂದು ದೊಡ್ಡ ಏರ್‌ಪೋರ್ಟಿನಲ್ಲಿ ಬದಲಾಯಿಸುವುದು. ಹೆಸರು ಬೇಡ. ನಡುವೆ ಎರಡು ಗಂಟೆ ಬಿಡುವು ಕಾಗದದ ಮೇಲೆ. ಮೊದಲ ವಿಮಾನ ಎದುರುಗಾಳಿ ಅಂತ 35 ನಿಮಿಷ ತಡ. ಇಳಿದ ಮೇಲೆ ಬಸ್ಸು. ಬಸ್ಸು ಹೊರಡಲು ಕೊನೆಯವರು ಬರುವ ತನಕ ಕಾಯುವುದು. ಬೇರೆ ಟಿಕೆಟ್ ಆದ್ದರಿಂದ ಬ್ಯಾಗು ತಗೊಂಡು ಮತ್ತೆ ಒಪ್ಪಿಸಬೇಕು. ಕೌಂಟರ್ ಮುಂದೆ ನಿಂತಾಗ ಹುಡುಗಿ ಗಡಿಯಾರ ತೋರಿಸಿದಳು, ಐದು ನಿಮಿಷದ ಹಿಂದೆ ಮುಚ್ಚಿತ್ತು. ಉಳಿಸಿದ ದುಡ್ಡಿಗೆ ಎರಡರಷ್ಟು ಕೊಟ್ಟು ಹೊಸ ಟಿಕೆಟ್ ತಗೊಂಡೆ. 11 ಗಂಟೆ ಕಬ್ಬಿಣದ ಕುರ್ಚಿ.

ಬದಲಾಯಿಸಿ ಹೋಗುವವರು ಒಂದೇ ಟಿಕೆಟ್ಟಿನಲ್ಲಿ ಹೋಗಿ. ಆಗ ತಪ್ಪಿದರೆ ಮುಂದಿನದಕ್ಕೆ ಹತ್ತಿಸುವ ಜವಾಬ್ದಾರಿ ಅವರದು.

ಕಂಟ್ರೋಲ್_ರೂಮ್ · ನವೆಂಬರ್ 12

ಬದಲಾಯಿಸುವ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಇಲ್ಲೂ ಗೋಡೆ ನಕ್ಷೆ ಮೋಸ ಮಾಡುತ್ತದೆ. ಫ್ರಾಂಕ್‌ಫರ್ಟ್ ದಾರಿಯ ನಡುವೆ ಇದೆ ಅನ್ನಿಸುತ್ತದೆ ಅಲ್ವಾ? ಆ ಕಡೆಯಿಂದ ಹೋದರೆ 7,400 ಮತ್ತು 9,150, ಒಟ್ಟು ಹದಿನಾರೂವರೆ ಸಾವಿರ ದಾಟುತ್ತದೆ. ನೇರ ದಾರಿಗಿಂತ ಎರಡೂವರೆ ಸಾವಿರ ಜಾಸ್ತಿ. ದುಬೈ ಮೇಲೆ ಹೋದರೆ 15,700 ಆಸುಪಾಸು. ಟೋಕಿಯೊ ಎಲ್ಲೋ ಮೂಲೆಯಲ್ಲಿ ಕಾಣುತ್ತದೆ, ಆದರೆ ಅದರ ಮೇಲೆ ಹೋದರೆ 14,900 ಮಾತ್ರ.

ದೆಹಲಿ? ಬೆಂಗಳೂರಿನಿಂದ ದೆಹಲಿ 1,700, ಅಲ್ಲಿಂದ ಸ್ಯಾನ್‌ಫ್ರಾನ್ಸಿಸ್ಕೊ 12,400. ದಾರದ ಉದ್ದಕ್ಕಿಂತ ಬರೀ ನೂರು ಕಿಲೋಮೀಟರ್ ಜಾಸ್ತಿ. "ಅಮೆರಿಕಕ್ಕೆ ಹೋಗೋಕೆ ದೆಹಲಿಗೆ ಯಾಕೆ ಹೋಗಬೇಕು, ಉಲ್ಟಾ ದಾರಿ" ಅಂತ ಬೈಯುವವರನ್ನು ಬೇಕಾದಷ್ಟು ಕೇಳಿದ್ದೇನೆ. ಉಲ್ಟಾ ಅಲ್ಲ, ಮೇಷ್ಟ್ರು ಹೇಳಿದ ಹಾಗೆ ಆ ಊರು ನಮಗೆ ಉತ್ತರಕ್ಕೇ ಇದೆ. ಕಾಯುವ ಹೊತ್ತು ಬೇರೆ ಮಾತು.

ಮತ್ತೆ, ಆಕಾಶಕ್ಕೂ ಬೇಲಿ ಇದೆ. 2019ರಲ್ಲಿ ಬಾಲಾಕೋಟ್ ಆದ ಮೇಲೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿತು. ಇಂಡಿಗೋದ ದೆಹಲಿ–ಇಸ್ತಾಂಬುಲ್ ವಿಮಾನ ಗುಜರಾತ್ ಕಡೆಯಿಂದ ಸುತ್ತಿಕೊಂಡು, ಇಂಧನಕ್ಕೆ ದೋಹಾದಲ್ಲಿ ನಿಂತು ಹೋಗಬೇಕಾಯಿತು. 2022ರಲ್ಲಿ ರಷ್ಯಾ ಯೂರೋಪಿನವರಿಗೆ ಬಾಗಿಲು ಹಾಕಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆ ಇದ್ದದ್ದು ಒಂದೇ ಸಲ 13 ಗಂಟೆ ಆಯಿತು. ಎರಡು ಊರಿನ ನಡುವಿನ ದೂರ ಒಂದು ಮೀಟರ್ ಕೂಡ ಬದಲಾಗಿರಲಿಲ್ಲ.

ಗಿರ್ಮಿಟ್_ಹುಬ್ಬಳ್ಳಿ · ನವೆಂಬರ್ 12

ಇಷ್ಟು ದೂರಕ್ಕ ಎಣ್ಣಿ ಎಷ್ಟು ಹಿಡೀತದ್ರಿ?

ಕಂಟ್ರೋಲ್_ರೂಮ್ · ನವೆಂಬರ್ 12

ಬೋಯಿಂಗ್ 777-200ಎಲ್‌ಆರ್ ತೊಟ್ಟಿ ಪೂರ್ತಿ ತುಂಬಿದರೆ 1,81,000 ಲೀಟರ್. ದೂರ ಹಾರುವುದಕ್ಕೇ ಮಾಡಿದ ವಿಮಾನ. 2005ರ ನವೆಂಬರ್‌ನಲ್ಲಿ ಇದೇ ಮಾದರಿ ಹಾಂಗ್‌ಕಾಂಗ್‌ನಿಂದ ಪೂರ್ವಕ್ಕೆ ಹೊರಟು, ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ಎಲ್ಲ ದಾಟಿ ಲಂಡನ್‌ನಲ್ಲಿ ಇಳಿದಿತ್ತು. 21,600 ಕಿಲೋಮೀಟರ್, 22 ಗಂಟೆ 42 ನಿಮಿಷ.

ಎಣ್ಣೆ ಕೇಳಿದ್ದಕ್ಕೆ ಇನ್ನೊಂದು ವಿಷಯ. ಧ್ರುವದ ಕಡೆ ಹೊರಗಿನ ಚಳಿ ಸೊನ್ನೆಗಿಂತ 60–70 ಡಿಗ್ರಿ ಕೆಳಗೆ ಹೋಗುತ್ತದೆ. ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಇಂಧನ ಮೈನಸ್ 40ಕ್ಕೆ ಗಟ್ಟಿಯಾಗೋಕೆ ಶುರು. ನಮ್ಮ ಕಡೆಯ ಜೆಟ್ ಎ-1 ಮೈನಸ್ 47ರ ತನಕ ತಡೆಯುತ್ತದೆ. ಬರುವಾಗ ಪೈಲಟ್‌ಗಳು ರೆಕ್ಕೆಯೊಳಗಿನ ಇಂಧನದ ಉಷ್ಣತೆ ನೋಡುತ್ತಲೇ ಇರುತ್ತಾರೆ. ತೀರಾ ಇಳಿದರೆ ವಿಮಾನವನ್ನು ಬೆಚ್ಚಗಿನ ಗಾಳಿ ಇರುವ ಎತ್ತರಕ್ಕೆ ಒಯ್ಯುತ್ತಾರೆ. ಚಳಿಗೆ ಕೊಬ್ಬರಿ ಎಣ್ಣೆ ಡಬ್ಬಿಯನ್ನು ಒಲೆ ಹತ್ತಿರ ಇಟ್ಟ ಹಾಗೆ.

ಸುಮ್ನೆ_ಓದೋನು · ನವೆಂಬರ್ 12

ನಮ್ಮದೇ ದೊಡ್ಡದು ಅಂದುಕೊಳ್ಳಬೇಡಿ. ಸಿಂಗಾಪುರ–ನ್ಯೂಯಾರ್ಕ್ 15,300 ದಾಟುತ್ತದೆ, 18 ಗಂಟೆಗೂ ಮೇಲೆ. ಸಿಡ್ನಿ–ಲಂಡನ್ ನೇರ ಹಾರಿಸಲು ಕ್ವಾಂಟಾಸ್ ತಯಾರಿ ನಡೆಸಿದೆ, ಅದು 17,000. ಭೂಮಿಯ ಮೇಲೆ ಯಾವ ಎರಡು ಊರಿನ ನಡುವೆಯೂ 20,000ಕ್ಕಿಂತ ಜಾಸ್ತಿ ದೂರ ಇರಲು ಸಾಧ್ಯವೇ ಇಲ್ಲ, ಅದರಾಚೆ ಹೋದರೆ ವಾಪಸ್ ಬಂದ ಹಾಗೆ.

ಬಸವನಗುಡಿ_ಬೀದಿ · 2024 ಡಿಸೆಂಬರ್ 3

ತಡವಾಗಿ ಬರೆಯುತ್ತಿದ್ದೇನೆ, ಬೇಜಾರಾಗಬೇಡಿ. ಅಮ್ಮ ಸುಖವಾಗಿ ತಲುಪಿದರು. ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವ ತನಕ 15 ಗಂಟೆ 20 ನಿಮಿಷ. ಗಾಳಿ ಚೆನ್ನಾಗಿ ತಳ್ಳಿತು ಅಂತ ಕಾಣುತ್ತದೆ. ಹತ್ತಿರದ ಸೀಟಿನ ಹುಡುಗನ ಪರದೆಯಲ್ಲಿ ನಕ್ಷೆ ಹಾಕಿಸಿಕೊಂಡು "ಜಪಾನ್ ಕೆಳಗಿದೆ, ಮಾನಸ ಸರೋವರ ತಪ್ಪಿಹೋಯ್ತು" ಅಂತ ಅವನಿಗೆ ವಿವರಿಸಿದರಂತೆ. ಚಪ್ಪಲಿ ಸರಿಯಾಗಿ ಹಿಡಿಸಿತು ಅಂತ ಅಜ್ಜಿಗೆ ಹೇಳೋಕೆ ಹೇಳಿದ್ದಾರೆ.

ಗಡಿಯಾರ ತಿರುಗಿಸಿರಲಿಲ್ಲ. ತಂಗಿ ಕಾರು ಹತ್ತಿಸುವಾಗ ಹೊರಗೆ ಕತ್ತಲಾಗಿತ್ತು, ಅಮ್ಮನ ಕೈಯಲ್ಲಿ ಬೆಳಿಗ್ಗೆ ಏಳೂವರೆ. "ಕಾಫಿ ಆಗಿದೆಯಾ?" ಅಂದರಂತೆ.

ಮೇ ತಿಂಗಳಲ್ಲಿ ವಾಪಸ್. ನಡುವೆ ಒಂದು ದಿನ ಕಳೆದುಹೋಗುತ್ತದೆ ಅಂತ ಗೊತ್ತಾದಾಗಿನಿಂದ ಅದು ಯಾವ ವಾರ ಬರುತ್ತದೆ ಅಂತ ಈಗಲೇ ವಿಚಾರಿಸುತ್ತಿದ್ದಾರೆ. ಶನಿವಾರ ಆಗಕೂಡದಂತೆ. ಹನುಮಂತನ ಗುಡಿಗೆ ಹೋಗುವುದು ಒಂದು ವಾರವೂ ತಪ್ಪಿಲ್ಲವಂತೆ, ಅಲ್ಲೂ ಒಂದು ಗುಡಿ ಹುಡುಕಿಕೊಂಡಿದ್ದಾರೆ.

ಫ್ರೀಮಾಂಟ್_ಕನ್ನಡಿಗ · ಡಿಸೆಂಬರ್ 3

ಗುರುವಾರ ರಾತ್ರಿ ಹೊರಡುವುದನ್ನು ಬಿಟ್ಟು ಬೇರೆ ಯಾವತ್ತಾದರೂ ಹಾಕಿಸಿ. ಅಲ್ಲ, ತಾಳಿ. ಶುಕ್ರವಾರ ರಾತ್ರಿ.